ದೊಡ್ಡಪ್ಪನ ಮುದ್ದೆಗೆ ಜಿಐ ಎಷ್ಟು?

ಹೋದ ತಿಂಗಳು ದೊಡ್ಡಪ್ಪನ ಜೊತೆ ತುಮಕೂರು ಮಂಡಿಪೇಟೆಗೆ ಅಕ್ಕಿ ತರೋಕೆ ಹೋಗಿದ್ದೆ. ಗುಬ್ಬಿ ಕಡೆ ಹಳ್ಳಿಯವರು ಅವರು, ಶುಗರ್ ಬಂದು ಹನ್ನೊಂದು ವರ್ಷ ಆಯ್ತು, ಮಾತ್ರೆ ನುಂಗ್ತಾರೆ, ಮುದ್ದೆ ಮಾತ್ರ ಬಿಟ್ಟಿಲ್ಲ. ಅಂಗಡಿಯವರು ಒಂದು ಚೀಲದ ಬಾಯಿ ಬಿಚ್ಚಿ "ಇದು ಶುಗರ್‌ನೋರಿಗೆ ಅಂತಾನೆ ಬರೋ ಅಕ್ಕಿ, ಜಿಐ ಬರೀ ಐವತ್ತೊಂದು" ಅಂದ್ರು. ಜಿಐ ಅಂದ್ರೆ ಗ್ಲೈಸೆಮಿಕ್ ಇಂಡೆಕ್ಸ್, ತಿಂದ ಪದಾರ್ಥ ರಕ್ತದ ಸಕ್ಕರೆನ ಎಷ್ಟು ಏರಿಸುತ್ತೆ ಅಂತ ಹೇಳೋ ನಂಬರ್. ರೇಟು ಮಾಮೂಲಿ ಸೋನಾ ಮಸೂರಿಗಿಂತ ಜಾಸ್ತಿ. ದೊಡ್ಡಪ್ಪ ನಾಲ್ಕು ಕಾಳು ಅಂಗೈಗೆ ಹಾಕ್ಕೊಂಡು ನೋಡಿ ನನ್ನ ಕಡೆ ತಿರುಗಿದ್ರು: "ಇದು ಐವತ್ತೊಂದಾದ್ರೆ ನಮ್ ಮುದ್ದೆ ಎಷ್ಟ್ಲಾ?"

ಅಲ್ಲೇ ನಿಂತು ಫೋನಲ್ಲಿ ಹುಡುಕಿದೆ. ಒಂದು ಕಡೆ 54 ಅಂತಿತ್ತು, ಇನ್ನೊಂದು ಕಡೆ 68, ಮತ್ತೊಂದು ಕಡೆ 84. ಮನೇಲಿ ನನ್ನ ತಂಗಿ ಒಂದು ಆ್ಯಪ್ ಇಟ್ಕೊಂಡಿದ್ದಾಳೆ, ತಟ್ಟೆ ಫೋಟೋ ಹೊಡೆದ್ರೆ ಊಟದ ಜಿಐ ಹೇಳುತ್ತಂತೆ, ಅದಕ್ಕೆ ಮುದ್ದೆ ತೋರಿಸಿದ್ರೆ ಚಾಕೊಲೇಟ್ ಕೇಕ್ ಅಂತು. ಸರಿ, ಕೈಯಲ್ಲೇ ಲೆಕ್ಕ ಹಾಕೋಣ ಅಂತ ಕೂತೆ, ಕೂತ ಮೇಲೆ ಗೊತ್ತಾಗಿದ್ದು ಏನಂದ್ರೆ ಲೆಕ್ಕ ಸಲೀಸು, ಆದ್ರೆ ಬರೋ ಉತ್ತರ ನಾವು ಅಂದ್ಕೊಂಡಿರೋ ಪ್ರಶ್ನೆಗೆ ಉತ್ತರವೇ ಅಲ್ಲ.

ಮೊದಲು ಈ ನಂಬರ್ ಹುಟ್ಟೋದು ಹೆಂಗೆ ಅಂತ ನೋಡಿ. 1981ರಲ್ಲಿ ಕೆನಡಾದ ಟೊರಾಂಟೊ ಯೂನಿವರ್ಸಿಟಿಯ ಡೇವಿಡ್ ಜೆಂಕಿನ್ಸ್ ಮತ್ತೆ ಅವರ ಜೊತೆಯವರು ಶುರು ಮಾಡಿದ ಲೆಕ್ಕ ಇದು. ಹತ್ತು ಜನ ಆರೋಗ್ಯವಾಗಿರೋರನ್ನ ರಾತ್ರಿಯೆಲ್ಲ ಉಪವಾಸ ಇಟ್ಟು ಬೆಳಿಗ್ಗೆ ಒಂದೇ ಒಂದು ಪದಾರ್ಥ ತಿನ್ನಿಸ್ತಾರೆ, ಎಷ್ಟು ಅಂದ್ರೆ ಅದರಲ್ಲಿ ಜೀರ್ಣ ಆಗೋ ಕಾರ್ಬೋಹೈಡ್ರೇಟ್ ಸರಿಯಾಗಿ 50 ಗ್ರಾಂ ಇರ್ಬೇಕು. ಆಮೇಲೆ ಎರಡು ಗಂಟೆ ತನಕ ಕಾಲು ಗಂಟೆಗೆ ಅರ್ಧ ಗಂಟೆಗೆ ಒಂದ್ಸಲ ಬೆರಳು ಚುಚ್ಚಿ ರಕ್ತದ ಸಕ್ಕರೆ ನೋಡ್ತಾರೆ. ಬೇರೆ ದಿನ ಅದೇ ಜನಕ್ಕೆ 50 ಗ್ರಾಂ ಗ್ಲೂಕೋಸ್ ನೀರಲ್ಲಿ ಕದಡಿ ಕುಡಿಸಿ ಅದನ್ನೂ ನೋಡ್ತಾರೆ. ಎರಡಕ್ಕೂ ಗ್ರಾಫ್ ಹಾಕಿದ್ರೆ ಬೆಟ್ಟದ ಥರ ಏರಿ ಇಳಿಯುತ್ತೆ, ಗ್ಲೂಕೋಸ್ ಬೆಟ್ಟದ ಒಟ್ಟು ಜಾಗನ 100 ಅಂತ ಇಟ್ಕೊಂಡ್ರೆ ಆ ಪದಾರ್ಥದ ಬೆಟ್ಟ ಎಷ್ಟು ಅನ್ನೋದೇ ಜಿಐ. 55 ಮತ್ತು ಅದರ ಕೆಳಗೆ ಬಂದ್ರೆ ಕಮ್ಮಿ, 56ರಿಂದ 69 ಮಧ್ಯಮ, 70 ಮುಟ್ಟಿದ್ರೆ ಜಾಸ್ತಿ.

ಇಲ್ಲಿ ಅಳೆಯೋದು ಬೆಟ್ಟದ ಒಟ್ಟು ಗಾತ್ರ, ಎತ್ತರ ಅಲ್ಲ. ಮಧುಗಿರಿ ಬೆಟ್ಟದ ಥರ ನೆಟ್ಟಗೆ ಏರಿ ದಡಕ್ಕನೆ ಇಳಿದ್ರೂ, ದೇವರಾಯನದುರ್ಗದ ದಾರಿ ಥರ ಸುತ್ತಿ ಬಳಸಿ ಹೋದ್ರೂ, ಒಟ್ಟು ಒಂದೇ ಆದ್ರೆ ನಂಬರ್ ಒಂದೇ. ಇನ್ನೊಂದು, ಆ 50 ಗ್ರಾಂ. ಅಕ್ಕಿಲಿ 50 ಗ್ರಾಂ ಕಾರ್ಬ್ ಬೇಕಂದ್ರೆ ಸುಮಾರು 64 ಗ್ರಾಂ ಹಸಿ ಅಕ್ಕಿ ಸಾಕು, ರಾಗಿ ಹಿಟ್ಟಾದ್ರೆ 75 ಗ್ರಾಂ, ಕಲ್ಲಂಗಡಿ ಆದ್ರೆ ಮುಕ್ಕಾಲು ಕೆಜಿ ಹತ್ರ ತಿರುಳು ತಿನ್ಬೇಕು. ಅಷ್ಟನ್ನ ಒಂದೇ ಸಲಕ್ಕೆ ಯಾರು ತಿಂತಾರೆ? ಅದಕ್ಕೇ ಕಲ್ಲಂಗಡಿ ಜಿಐ ಜಾಸ್ತಿ ಅಂತ ಪಟ್ಟೀಲಿ ಇರುತ್ತೆ, ಎರಡು ಹೋಳು ತಿಂದೋರಿಗೆ ಹೇಳಿಕೊಳ್ಳೋ ಅಂಥದ್ದೇನೂ ಆಗಿರಲ್ಲ.

ಇನ್ನು ಊಟದ ಲೆಕ್ಕಕ್ಕೆ ಬರೋಣ. ತಟ್ಟೇಲಿರೋ ಒಂದೊಂದು ಪದಾರ್ಥದಲ್ಲೂ ಕಾರ್ಬ್ ಎಷ್ಟು ಗ್ರಾಂ ಇದೆ ನೋಡ್ಬೇಕು, ಅದನ್ನ ಆ ಪದಾರ್ಥದ ಜಿಐಯಿಂದ ಗುಣಿಸ್ಬೇಕು, ಎಲ್ಲ ಕೂಡಿ ಒಟ್ಟು ಕಾರ್ಬ್‌ನಿಂದ ಭಾಗಿಸ್ಬೇಕು, ಅಷ್ಟೇ. ಕಾರ್ಬ್ ಎಷ್ಟು ಅನ್ನೋದಕ್ಕೆ ಹೈದರಾಬಾದ್‌ನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ತಂದ ಆಹಾರ ಪಟ್ಟಿ ಇದೆ, ಅದರಲ್ಲಿ 100 ಗ್ರಾಂ ರಾಗಿಗೆ 66.8 ಗ್ರಾಂ, ಬಿಳಿ ಅಕ್ಕಿಗೆ 78.2, ಹುರುಳಿಕಾಳಿಗೆ 57.2. ಒಂದು ಕಡೆ ಎಲ್ರೂ ಎಡವ್ತಾರೆ, ನಾನೂ ಎಡವಿದೆ: ಈ ಪಟ್ಟೀಲಿ ನಾರಿನಂಶ ಆಗಲೇ ಕಳೆದಿರುತ್ತೆ, ರಾಗಿಯ 11 ಗ್ರಾಂ ನಾರನ್ನ ಬೇರೆ ಕಾಲಮ್‌ನಲ್ಲಿ ಹಾಕಿರ್ತಾರೆ, ನಾವು ಮತ್ತೆ ಕಳೀಬಾರದು. ಪ್ಯಾಕೆಟ್ ಹಿಂದೆ ಟೋಟಲ್ ಕಾರ್ಬೋಹೈಡ್ರೇಟ್ ಅಂತ ಇದ್ರೆ ಅಲ್ಲಿ ಸಾಮಾನ್ಯವಾಗಿ ನಾರೂ ಸೇರಿರುತ್ತೆ, ಅಲ್ಲಿ ಕಳೀಬೇಕು.

ದೊಡ್ಡಪ್ಪನ ಮಧ್ಯಾಹ್ನದ ಊಟ ಇಷ್ಟು. ಒಂದು ಮುದ್ದೆ, ಹುರುಳಿಕಾಳು ಬಸ್ಸಾರು, ಕೊನೇಗೆ ಮಜ್ಜಿಗೆ ಜೊತೆ ಒಂದಿಷ್ಟು ಅನ್ನ. ಮುದ್ದೆಗೆ 80 ಗ್ರಾಂ ಹಿಟ್ಟು ಅಂತ ಅಂದಾಜು ಹಾಕಿದೆ, ಕಾರ್ಬ್ 53 ಗ್ರಾಂ. ಅನ್ನಕ್ಕೆ 50 ಗ್ರಾಂ ಅಕ್ಕಿ, ಕಾರ್ಬ್ 39. ಕಾಳು 25 ಗ್ರಾಂ, ಕಾರ್ಬ್ 14. ಮಜ್ಜಿಗೆ, ಸೊಪ್ಪು ಬಿಟ್ಹಾಕಿ. ಒಟ್ಟು 106 ಗ್ರಾಂ ಆಯ್ತು. ಸೋನಾ ಮಸೂರಿಗೆ ಚೆನ್ನೈನಲ್ಲಿ ಟೆಸ್ಟ್ ಮಾಡಿ 2012ರಲ್ಲಿ ಪ್ರಕಟ ಮಾಡಿದ ಜಿಐ 72. ಕಾಳಿಗೆ 35 ಇಟ್ಕೊಂಡೆ. ರಾಗಿಗೆ ಮಧ್ಯದಲ್ಲಿ ಎಲ್ಲೋ 65 ಅಂತ ಹಾಕಿದೆ. ಗುಣಿಸಿ ಕೂಡಿ ಭಾಗಿಸಿದ್ರೆ ಊಟದ ಜಿಐ 64 ಬಂತು. ಮಧ್ಯಮ. ಆಹಾ, ಪರವಾಗಿಲ್ಲ ಅನ್ನಿಸ್ತು.

ಆದ್ರೆ ಆ 65 ನಾನು ಹಾಕಿದ್ದು. 2021ರಲ್ಲಿ ಹೈದರಾಬಾದ್ ಹತ್ರ ಇರೋ ಅಂತಾರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನೋರು ಸಿರಿಧಾನ್ಯದ ಮೇಲಿನ ಹಳೇ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದಾಗ ಸರಾಸರಿ ಜಿಐ 52.7 ಬಂದಿತ್ತು. ನೆನಪಿರಲಿ, ಅದು ಎಲ್ಲಾ ಥರದ ಸಿರಿಧಾನ್ಯದ ಸರಾಸರಿ, ರಾಗಿದೊಂದೇ ಅಲ್ಲ, ಆದ್ರೆ ರಾಗಿ ಪ್ಯಾಕೆಟ್ ಮಾರೋರು ಅದನ್ನೇ ಹಿಡ್ಕೊಂಡಿದ್ದಾರೆ. ಅದನ್ನ ಹಾಕಿದ್ರೆ ನಮ್ಮ ಊಟ 57. ಇನ್ನೊಂದು ಕಡೆ 1993ರಲ್ಲಿ ಪಶ್ಚಿಮ ಭಾರತದ ಆಹಾರದ ಮೇಲೆ ಬಂದ ಒಂದು ಪೇಪರ್‌ನಲ್ಲಿ ರಾಗಿಗೆ 104 ಇದೆ, ಅಂದ್ರೆ ಗ್ಲೂಕೋಸ್‌ಗಿಂತ ಜಾಸ್ತಿ! ಅದನ್ನ ಹಾಕಿದ್ರೆ ಅದೇ ಊಟ 83. ತಟ್ಟೆ ಅದೇ, ಮುದ್ದೆ ಅದೇ, ಉಣ್ಣೋರೂ ಅವರೇ, ಯಾವ ಪೇಪರ್ ನೋಡಿದ್ವಿ ಅನ್ನೋದರ ಮೇಲೆ ಮಧ್ಯಮದ ಕೆಳಗಂಚಿಂದ ಜಾಸ್ತಿ ಅನ್ನೋ ತನಕ ಓಡಾಡುತ್ತೆ. ಆ್ಯಪ್‌ಗಳು ಈ ಮೂರರಲ್ಲಿ ಒಂದನ್ನ ಒಳಗೇ ಇಟ್ಕೊಂಡು 63.6 ಅಂತ ಪಾಯಿಂಟ್ ಸಮೇತ ತೋರಿಸ್ತವೆ, ಆ ಪಾಯಿಂಟ್ ನೋಡಿ ನಾವು ನಂಬ್ತೀವಿ.

ಯಾಕೆ ಇಷ್ಟು ವ್ಯತ್ಯಾಸ ಅಂತೀರಾ? ರಾಗಿ ಅನ್ನೋದು ಒಂದು ಪದಾರ್ಥ ಅಲ್ಲ ನೋಡಿ, ಅದನ್ನ ಏನು ಮಾಡಿದ್ರಿ ಅನ್ನೋದರ ಮೇಲೆ ಇದೆ. ರಾಗಿ ಕಾಳಿನ ಸಿಪ್ಪೆ ಗಟ್ಟಿಯಾಗಿ ಅಂಟಿರುತ್ತೆ, ಅಕ್ಕಿ ಥರ ಪಾಲಿಶ್ ಮಾಡೋದು ಸುಲಭ ಅಲ್ಲ, ಹಂಗಾಗಿ ಸಿಪ್ಪೆ ಸಮೇತ ಹಿಟ್ಟಾಗುತ್ತೆ. ಆ ಸಿಪ್ಪೇಲಿರೋ ಒಗರು ಪದಾರ್ಥ ಪಿಷ್ಟ ಒಡೆಯೋ ಕಿಣ್ವಕ್ಕೆ ಸ್ವಲ್ಪ ಅಡ್ಡ ಬರುತ್ತೆ. ಆದ್ರೆ ಮನೇಲಿ ಮುದ್ದೆ ನುಣ್ಣಗೆ ಬರ್ಲಿ ಅಂತ ಸಣ್ಣ ಜರಡೀಲಿ ಹಿಡಿದು ತೌಡು ದನಕ್ಕೆ ಹಾಕಿದ್ರೆ ಆ ಒಗರೂ ನಾರೂ ಎರಡೂ ದನದ ಪಾಲು. ಕುದಿಯೋ ಎಸರಿಗೆ ಹಿಟ್ಟು ಹಾಕಿ ಬೇಯಿಸಿ ಕೋಲಲ್ಲಿ ತೊಳೆಸಿದಾಗ ಪಿಷ್ಟ ಪೂರ್ತಿ ನೀರು ಕುಡಿದು ಉಬ್ಬುತ್ತೆ, ಹಂಗೆ ಉಬ್ಬಿದ್ದು ಬೇಗ ಸಕ್ಕರೆ ಆಗುತ್ತೆ. ಅದೇ ಮುದ್ದೆ ಆರಿ ತಂಗಳಾದ್ರೆ ಪಿಷ್ಟದ ಒಂದು ಭಾಗ ಮತ್ತೆ ಬಿಗಿಯಾಗಿ ನಿಧಾನಕ್ಕೆ ಕರಗುತ್ತೆ. ರಾಗಿ ಮಾಲ್ಟ್ ಕಥೆ ಬೇರೇನೆ, ಮೊಳಕೆ ಬಂದಾಗ ಕಾಳೇ ತನ್ನ ಪಿಷ್ಟನ ಸಕ್ಕರೆ ಮಾಡೋಕೆ ಶುರು ಮಾಡಿರುತ್ತೆ. ಹುರಿಹಿಟ್ಟಲ್ಲಿ ಅರಳಾಗುವಾಗಲೇ ಅರ್ಧ ಬೆಂದಿರುತ್ತೆ. "ರಾಗಿ ಅಲ್ವಾ, ಶುಗರ್‌ಗೆ ಒಳ್ಳೇದು" ಅಂತ ಬೆಳಿಗ್ಗೆ ಬೆಲ್ಲ ಹಾಕಿದ ಮಾಲ್ಟ್ ಲೋಟದ ತುಂಬ ಕುಡಿಯೋರನ್ನ ನೋಡಿದಾಗ ನನಗೆ ಹೊಟ್ಟೆ ಉರಿಯುತ್ತೆ. ನಮ್ಮಲ್ಲಿ ಕೆಲವು ಮನೇಲಿ ಮುದ್ದೆಗೆ ನುಚ್ಚಕ್ಕಿ ಬೇರೆ ಹಾಕ್ತಾರೆ, ಅದು ಯಾವ ಪಟ್ಟೀಲೂ ಇಲ್ಲ.

ಒಂದು ತಮಾಷೆ ವಿಷಯ. 1986ರಲ್ಲಿ ಇಂಗ್ಲೆಂಡ್‌ನಲ್ಲಿ ಜನಕ್ಕೆ ಅನ್ನ, ಆಲೂಗಡ್ಡೆ, ಮೆಕ್ಕೆಜೋಳ, ಸೇಬು ಕೊಟ್ಟು ಒಂದ್ಸಲ ಅಗಿದು ತಿನ್ನಿ, ಇನ್ನೊಂದ್ಸಲ ಅಗೀದೆ ನುಂಗಿ ಅಂತ ಟೆಸ್ಟ್ ಮಾಡಿದ್ರು, ನುಂಗಿದಾಗ ಸಕ್ಕರೆ ಕಮ್ಮಿ ಏರಿತ್ತು. ಮುದ್ದೆ ಅಗಿಯೋನಿಗೆ ನಮ್ಮೂರಲ್ಲಿ ಊಟ ಮಾಡೋಕೆ ಬರಲ್ಲ ಅಂತ ನಗ್ತಾರೆ! ಮುದ್ದೆ ಹಿಟ್ಟಿಂದೇ ಆಗಿರೋದ್ರಿಂದ ಅನ್ನದ ಅಗುಳಿನಷ್ಟು ಲಾಭ ಸಿಗುತ್ತೆ ಅಂತ ಹೇಳೋಕಾಗಲ್ಲ, ಆದ್ರೂ ಪಟ್ಟೀಲಿರೋ ನಂಬರಿಗೂ ನಮ್ಮ ಗಂಟಲಿಗೂ ಎಷ್ಟು ದೂರ ಅಂತ ಇದರಿಂದ ಗೊತ್ತಾಗುತ್ತೆ.

ಸರಿ, ಒಂದೊಂದು ಪದಾರ್ಥದ ಜಿಐ ಪಕ್ಕಾ ಗೊತ್ತಿದೆ ಅಂತಾನೇ ಇಟ್ಕೊಳ್ಳಿ, ಆವಾಗಾದ್ರೂ ಕೂಡಿ ಭಾಗಿಸಿದ್ದು ಸರಿ ಬರುತ್ತಾ? ನ್ಯೂಜಿಲೆಂಡ್‌ನ ಒಟಾಗೊ ಯೂನಿವರ್ಸಿಟೀಲಿ ಇದನ್ನೇ ನೋಡಿ 2011ರಲ್ಲಿ ಪ್ರಕಟ ಮಾಡಿದ್ರು. ಸೂತ್ರದಲ್ಲಿ ಬಂದ ನಂಬರು, ನಿಜವಾಗಿ ಊಟ ಹಾಕಿ ಬೆರಳು ಚುಚ್ಚಿ ನೋಡಿದ ನಂಬರಿಗಿಂತ 12ರಿಂದ 19 ಅಂಕ ಜಾಸ್ತಿ ಇತ್ತು. ಕಾರಣ ಏನಂದ್ರೆ ಸೂತ್ರದಲ್ಲಿ ಕಾರ್ಬ್‌ಗೆ ಮಾತ್ರ ಜಾಗ. ಎಣ್ಣೆ, ತುಪ್ಪ, ಕಾಳಿನ ಪ್ರೋಟೀನು, ಮೊಟ್ಟೆ, ಮಾಂಸ ಇವೆಲ್ಲ ಹೊಟ್ಟೆ ಖಾಲಿ ಆಗೋದನ್ನ ನಿಧಾನ ಮಾಡ್ತವೆ, ಆ ನಿಧಾನ ಸೂತ್ರಕ್ಕೆ ಕಾಣಲ್ಲ. ತಿನ್ನೋ ಸರದಿ ಕೂಡ ಲೆಕ್ಕಕ್ಕೆ ಬರುತ್ತೆ: 2015ರಲ್ಲಿ ನ್ಯೂಯಾರ್ಕ್‌ನಲ್ಲಿ ಶುಗರ್ ಇರೋ ಹನ್ನೊಂದು ಜನಕ್ಕೆ ಅದೇ ಊಟನ ತಿರುಗಾ ಮುರುಗಾ ಕೊಟ್ಟಾಗ, ತರಕಾರಿ ಮತ್ತೆ ಪ್ರೋಟೀನ್ ಮೊದಲು ತಿಂದು ಬ್ರೆಡ್ ಆಮೇಲೆ ತಿಂದ ದಿನ ಒಂದು ಗಂಟೆ ಹೊತ್ತಿಗೆ ಸಕ್ಕರೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಇಳಿದಿತ್ತು. ಹನ್ನೊಂದೇ ಜನ ಸರಿ, ಆದ್ರೆ ಬಸ್ಸಾರಿನ ಪಲ್ಯ ಮೊದಲು ತಿಂದು ಆಮೇಲೆ ಮುದ್ದೆಗೆ ಕೈ ಹಾಕೋದಕ್ಕೆ ಏನು ಖರ್ಚು?

ಹಂಗಂತ ಜಿಐ ಇಳಿಯೋದೆಲ್ಲ ಒಳ್ಳೇದು ಅಂತಾನೂ ಅಲ್ಲ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಮೇಲೆ ಬೆಣ್ಣೆ ಉಂಡೆ ಇಟ್ರೆ ಜಿಐ ಇಳಿಯುತ್ತೆ, ಇನ್ನೊಂದು ಉಂಡೆ ಇಟ್ರೆ ಇನ್ನೂ ಇಳೀಬೋದು, ಇದನ್ನ ಹಾರ್ಟ್ ಡಾಕ್ಟ್ರಿಗೆ ಹೇಳಿ ನೋಡಿ. ಸಕ್ಕರೆಯ ಜಿಐ ಸುಮಾರು 65, ಬಿಳಿ ಬ್ರೆಡ್‌ಗಿಂತ ಕಮ್ಮಿ. ಯಾಕಂದ್ರೆ ಸಕ್ಕರೇಲಿ ಅರ್ಧ ಫ್ರಕ್ಟೋಸ್, ಅದು ಲಿವರ್‌ಗೆ ಹೋಗುತ್ತೆ, ಗ್ಲೂಕೋಮೀಟರ್‌ಗೆ ಸಿಗಲ್ಲ. ನಂಬರ್ ಕಮ್ಮಿ ಅಂತ ಸಕ್ಕರೆ ಒಳ್ಳೇದು ಅನ್ನೋಕಾಗುತ್ತಾ?

ಈಗ ಅಂಗಡಿಯ ಆ ಐವತ್ತೊಂದಕ್ಕೆ ವಾಪಸ್ ಬರೋಣ. ತೆಲಂಗಾಣ ಸೋನಾ ಅಂತ ಒಂದು ತಳಿ ಇದೆ, ಆರ್‌ಎನ್‌ಆರ್ 15048, ಅದಕ್ಕೆ ನಿಜವಾಗ್ಲೂ 51ರ ಆಸುಪಾಸು ಜಿಐ ಬಂದಿದೆ, ಸುಳ್ಳಲ್ಲ. ಚೀಲದಲ್ಲಿದ್ದದ್ದು ಅದೇನಾ ಅನ್ನೋದು ಬೇರೆ ಮಾತು. 50 ಗ್ರಾಂ ಸೋನಾ ಮಸೂರಿ ತಿಂದ್ರೆ ಕಾರ್ಬ್ 39 ಗ್ರಾಂ, ಅದನ್ನ 72ರಿಂದ ಗುಣಿಸಿ ನೂರರಿಂದ ಭಾಗಿಸಿದ್ರೆ 28. ಇದಕ್ಕೆ ಗ್ಲೈಸೆಮಿಕ್ ಲೋಡ್ ಅಂತಾರೆ, ಅಂದ್ರೆ ಹೊರೆ, 1997ರಲ್ಲಿ ಹಾರ್ವರ್ಡ್‌ನೋರು ಬಳಕೆಗೆ ತಂದಿದ್ದು. ತೆಲಂಗಾಣ ಸೋನಾ ಅಷ್ಟೇ ತಿಂದ್ರೆ ಹೊರೆ 20. ಒಳ್ಳೇದೇ. ಆದ್ರೆ "ಇದು ಶುಗರ್ ಅಕ್ಕಿ ಕಣೇ, ಇನ್ನೊಂದ್ಸೌಟು ಹಾಕು" ಅಂತ 75 ಗ್ರಾಂ ತಿಂದ್ರೆ ಹೊರೆ 30. ದುಡ್ಡೂ ಜಾಸ್ತಿ, ಹೊರೆನೂ ಜಾಸ್ತಿ. ಇದು ನಾನು ಕಟ್ಟಿದ ಕಥೆ ಅಲ್ಲ, ಯಾವುದೇ ಮನೇಲಿ ಡಯಟ್ ಅಂತ ಹೆಸರಿಟ್ಟಿರೋ ಬಿಸ್ಕೆಟ್ ಪ್ಯಾಕೆಟ್ ಎಷ್ಟು ಬೇಗ ಖಾಲಿ ಆಗುತ್ತೆ ನೋಡಿ.

ದೊಡ್ಡಪ್ಪನ ಊಟದ ಹೊರೆ ನನ್ನ ಮೊದಲ ಲೆಕ್ಕದಲ್ಲಿ 67 ಬಂದಿತ್ತು. ಒಂದು ಪದಾರ್ಥಕ್ಕೆ 20 ಮುಟ್ಟಿದ್ರೇ ಜಾಸ್ತಿ ಅಂತ ಲೆಕ್ಕ, ಇಡೀ ಊಟಕ್ಕೆ ಆ ಗೆರೆ ಹಾಕೋದು ಸರಿಯಲ್ಲ, ಆದ್ರೂ 67 ಸಣ್ಣದೇನಲ್ಲ. ಇದರಲ್ಲೂ ರಾಗಿಯ ಆ 65 ಕೂತಿದೆ, ಅದು ನಿಜ, ಆದ್ರೆ ಗ್ರಾಂ ಅನ್ನೋದು ನಮ್ಮ ಮನೇಲೇ ತೂಗಿ ನೋಡ್ಬೋದಾದ ವಿಷಯ. ನನಗೆ ಡೌಟ್ ಬಂದಿದ್ದು ಆ 80 ಗ್ರಾಂ ಮೇಲೆ. ಹಳ್ಳಿಗೆ ಹೋದಾಗ ಅಡುಗೆ ಮನೆ ತಕ್ಕಡಿ ಒಂದು ತಗೊಂಡು ಹೋದೆ, ದೊಡ್ಡಮ್ಮ ಎಸರಿಗೆ ಹಾಕೋ ಮುಂಚೆ ಹಿಟ್ಟು ತೂಗಿ ಅಂದ್ರೆ ಮುಖ ಸಿಂಡರಿಸಿದ್ರು, "ಬಂಗಾರ ತೂಗ್ದಂಗೆ ತೂಗ್ತೀಯಲ್ಲೋ" ಅಂದ್ರು, ಆದ್ರೂ ತೂಗಿದ್ವಿ. ದೊಡ್ಡಪ್ಪನ ಒಂದು ಮುದ್ದೆಗೆ ಹೋಗೋ ಹಿಟ್ಟು 120 ಗ್ರಾಂ.

ಮತ್ತೆ ಲೆಕ್ಕ ಹಾಕಿದೆ. ಮುದ್ದೆಯ ಕಾರ್ಬ್ 80, ಒಟ್ಟು 133. ಊಟದ ಜಿಐ? 64. ಅದೇ ಅರವತ್ನಾಲ್ಕು, ಒಂದು ಅಂಕನೂ ಅಲುಗಲಿಲ್ಲ. ಹೊರೆ ಮಾತ್ರ 67ರಿಂದ 85ಕ್ಕೆ ಹೋಯ್ತು. ಮುದ್ದೆ ಒಂದೂವರೆ ಪಟ್ಟು ದೊಡ್ಡದಾದ್ರೂ ಜಿಐಗೆ ಅದು ಗೊತ್ತೇ ಆಗಲಿಲ್ಲ, ಯಾಕಂದ್ರೆ ಅದು ಸರಾಸರಿ, ಸರಾಸರಿಗೆ ಹೊಟ್ಟೆ ಎಷ್ಟು ತುಂಬ್ತು ಅನ್ನೋದು ಬೇಕಾಗಿಲ್ಲ. ಕೊನೇ ಅನ್ನ ಬಿಟ್ರೆ ಜಿಐ 64ರಿಂದ 61ಕ್ಕೆ ಇಳಿಯುತ್ತೆ, ಇಷ್ಟೇನಾ ಅನ್ಸುತ್ತೆ, ಆದ್ರೆ ಹೊರೆ 85ರಿಂದ 57ಕ್ಕೆ ಬೀಳುತ್ತೆ. ಮುದ್ದೆ ಅರ್ಧ ಮಾಡಿ, ಅನ್ನ ಬಿಟ್ಟು, ಕಾಳು ಎರಡು ಪಟ್ಟು ಹಾಕಿದ್ರೆ ಜಿಐ 53, ಹೊರೆ 36. ಕಾಳು ಜಾಸ್ತಿ ಆದ್ರೆ ಇನ್ನೊಂದು ಲಾಭ, ಒಂದು ಹೊತ್ತು ಕಾಳು ತಿಂದ್ರೆ ಮುಂದಿನ ಹೊತ್ತಿನ ಊಟಕ್ಕೂ ಸಕ್ಕರೆ ಸ್ವಲ್ಪ ಕಮ್ಮಿ ಏರುತ್ತೆ, ಇದನ್ನೂ ಜೆಂಕಿನ್ಸ್ ತಂಡವೇ 1980ರ ದಶಕದಲ್ಲಿ ತೋರಿಸಿತ್ತು.

ಹಂಗಾದ್ರೆ ಜಿಐ ದಂಡನಾ? ಅಲ್ಲ. 2021ರಲ್ಲಿ ಭಾರತವೂ ಸೇರಿ ಐದು ಖಂಡಗಳ 1,37,851 ಜನರ ಊಟ ನೋಡಿ ಬಂದ ದೊಡ್ಡ ಅಧ್ಯಯನದಲ್ಲಿ, ವರ್ಷಗಟ್ಟಲೆ ಜಾಸ್ತಿ ಜಿಐ ಊಟ ಮಾಡೋರಿಗೆ ಹೃದಯದ ಕಾಯಿಲೆ ಮತ್ತೆ ಸಾವಿನ ಅಪಾಯ ಜಾಸ್ತಿ ಕಂಡಿತ್ತು. ಸಾವಿರಾರು ಜನರ ವರ್ಷಾನುಗಟ್ಟಲೆ ಊಟಕ್ಕೆ ಈ ನಂಬರ್ ಏನೋ ಹೇಳುತ್ತೆ, ಒಬ್ಬ ಮನುಷ್ಯನ ಒಂದು ತಟ್ಟೆಗೆ ಹೇಳೋದು ಕಷ್ಟ. ಅದರಲ್ಲೂ ಜನಕ್ಕೆ ಜನಕ್ಕೆ ಬೇರೆ. 2015ರಲ್ಲಿ ಇಸ್ರೇಲ್‌ನ ವೈಜ್‌ಮನ್ ಸಂಸ್ಥೆಯೋರು 800 ಜನಕ್ಕೆ ಸಕ್ಕರೆ ಅಳೆಯೋ ಮೀಟರ್ ಹಾಕಿ ಒಂದು ವಾರ ನೋಡಿದಾಗ ಒಂದೇ ತಿಂಡಿಗೆ ಒಬ್ಬನಿಗೆ ಬೆಟ್ಟ, ಇನ್ನೊಬ್ಬನಿಗೆ ದಿಣ್ಣೆ. ನಮ್ಮ ದೇಶದಲ್ಲಿ 2023ರ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಲೆಕ್ಕದಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಶುಗರ್ ಇದೆ, ನಾವು ತಿನ್ನೋ ಕ್ಯಾಲೊರಿಲಿ 62 ಪರ್ಸೆಂಟ್ ಕಾರ್ಬ್‌ನಿಂದಾನೇ ಬರುತ್ತೆ. ಇಂಥಾ ಕಡೆ ಅಕ್ಕಿಯ ಜಾತಿ ಬದಲಾಯಿಸಿ ಅಂತ ಹೇಳೋದು ಮಾರೋರಿಗೆ ಸುಲಭ, ಕಮ್ಮಿ ತಿನ್ನಿ ಕಾಳು ತಿನ್ನಿ ಅನ್ನೋದ್ರಲ್ಲಿ ಯಾರಿಗೂ ಮಾರ್ಜಿನ್ ಇಲ್ಲ.

ಮನೇಲೇ ಚುಚ್ಚಿ ನೋಡ್ತೀವಿ ಅನ್ನೋರಿಗೆ ಒಂದು ಮಾತು. ಗ್ಲೂಕೋಮೀಟರ್‌ಗೆ ಇರೋ ಅಂತಾರಾಷ್ಟ್ರೀಯ ನಿಯಮದಲ್ಲೇ 100 ಮೇಲಿದ್ದಾಗ ಶೇಕಡ 15 ಆಚೆ ಈಚೆ ಆಗೋಕೆ ಬಿಟ್ಟಿದ್ದಾರೆ, ನಿಜವಾದ 160 ನಿಮಗೆ 136 ಅಂತಾನೂ 184 ಅಂತಾನೂ ಕಾಣ್ಬೋದು. ಒಂದು ದಿನ ಮುದ್ದೆ ತಿಂದು ಒಂದು ದಿನ ಅನ್ನ ತಿಂದು ಇಪ್ಪತ್ತು ಕಮ್ಮಿ ಬಂತು ಅಂತ ತೀರ್ಪು ಕೊಡ್ಬೇಡಿ. ಅದೇ ಊಟ, ಅದೇ ತೂಕ, ಅದೇ ಟೈಮು, ನಾಲ್ಕೈದು ದಿನ ನೋಡಿ, ಊಟಕ್ಕೆ ಮುಂಚೆ ಒಂದ್ಸಲ, ಎರಡು ಗಂಟೆ ಆದ್ಮೇಲೆ ಒಂದ್ಸಲ. ಮತ್ತೆ ಮಾತ್ರೆ ಇನ್ಸುಲಿನ್ ತಗೊಳ್ಳೋರು ಊಟ ಏಕ್ದಂ ಅರ್ಧ ಮಾಡಿದ್ರೆ ಲೋ ಶುಗರ್ ಆಗೋ ಸಾಧ್ಯತೆ ಇದೆ, ಡಾಕ್ಟ್ರಿಗೆ ಹೇಳಿ ಮಾಡಿ.

ಮಂಡಿಪೇಟೇಲಿ ಆವತ್ತು ನಾವು ಮಾಮೂಲಿ ಸೋನಾ ಮಸೂರಿನೇ ತಗೊಂಡ್ವಿ, ಉಳಿದ ದುಡ್ಡಲ್ಲಿ ಎರಡು ಕೆಜಿ ಹುರುಳಿಕಾಳು ಬಂತು. ಲೆಕ್ಕ ಎಲ್ಲ ಮುಗಿಸಿ ಮೊನ್ನೆ ಫೋನ್ ಮಾಡಿ ಹೇಳ್ದೆ, ಮುದ್ದೆ ಅರ್ಧ, ಅನ್ನ ಬೇಡ, ಕಾಳು ಜಾಸ್ತಿ ಅಂತ. ದೊಡ್ಡಪ್ಪ ಪೂರ್ತಿ ಕೇಳಿಸ್ಕೊಂಡು, "ಅದೆಲ್ಲ ಸರಿ, ನಂಬರ್ ಎಷ್ಟು ಬಂತು ಅದು ಹೇಳಪ್ಪ" ಅಂದ್ರು. ಅರವತ್ನಾಲ್ಕು ಅಂದೆ. "ಅಕ್ಕಿ ಅಂಗಡಿಯೋನು ಐವತ್ತೊಂದು ಅಂದಿದ್ದ" ಅಂದ್ರು. ದೊಡ್ಡಮ್ಮ ಮಾತ್ರ ತಕ್ಕಡಿ ವಾಪಸ್ ಕೊಟ್ಟಿಲ್ಲ.